ಮಣ್ಣಿನಡಿ ಇರೋದನ್ನ ನಡ್ಕೊಂಡು ಹೋಗಿ ನೋಡೋಕಾಗಲ್ಲ ಮೇಷ್ಟ್ರೇ

ಹೊಳಲ್ಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಅದಿರು ಹುಡುಕೋಕೆ ವಿಮಾನ ಹಾರಿಸೋದು ದುಂದುವೆಚ್ಚ. ಇಂಗಳದಾಳದ ತಾಮ್ರ ವಿಮಾನಕ್ಕೆ ಕಾಯ್ತಾ ಕೂತಿತ್ತಾ? ಸುತ್ತಿಗೆ ಹಿಡ್ಕೊಂಡು ನಡೆಯೋರೇ ಸಾಕು."

ಮೇಷ್ಟ್ರೇ, ನಿಮ್ಮ ಅಕ್ಷರದಷ್ಟೇ ನಿಮ್ಮ ಕಾಳಜಿನೂ ಚೆಂದ. ನಡೆದೋರ ಮೇಲೆ ನನಗೂ ಗೌರವ ಇದೆ, 1954ರಲ್ಲಿ ಸೋವಿಯತ್ ಭೂವಿಜ್ಞಾನಿ ಲಾರಿಸಾ ಪೊಪುಗಾಯೆವಾ ಸೈಬೀರಿಯಾದ ಹಳ್ಳದ ಮರಳಲ್ಲಿ, ವಜ್ರದ ಶಿಲೆಯಿಂದ ಉದುರಿ ಬರೋ ಕೆಂಪು ಗಾರ್ನೆಟ್ ಹರಳಿನ ಜಾಡು ಹಿಡಿದು ನಡ್ಕೊಂಡೇ ಹೋಗಿ ವಜ್ರದ ಶಿಲೆ ಪತ್ತೆ ಮಾಡಿದ್ರು. ಆದ್ರೆ ನಮ್ಮ ಚಿತ್ರದುರ್ಗದ ಹತ್ತಿರದ ಇಂಗಳದಾಳದಲ್ಲಿ ತಾಮ್ರಕ್ಕೆ ಹಳೇಕಾಲದೋರು ತೋಡಿದ ಗುಂಡಿಗಳು ಮೊದಲೇ ಇದ್ವಲ್ಲ. ಕಣ್ಣಿಗೆ ಬೀಳೋದನ್ನ ಮುತ್ತಜ್ಜಂದಿರೇ ನೋಡಿ ಮುಗಿಸಿದ್ದಾರೆ, ಹಿರಿಯೂರು ಕಡೆ ಎರೆಹೊಲದಲ್ಲಿ ದಿನವಿಡೀ ನಡೆದ್ರೂ ಕೆಳಗಿರೋ ಕಲ್ಲು ಯಾವುದು ಅಂತ ಹೇಳೋಕಾಗುತ್ತಾ?

ಕೆನಡಾದ ಮಾರ್ಮೊರಾದಲ್ಲಿ ಕಬ್ಬಿಣದ ಅದಿರಿನ ಮೇಲೆ ನೂರಡಿಗೂ ಜಾಸ್ತಿ ಸುಣ್ಣಕಲ್ಲು ಕೂತಿತ್ತು, ಅದನ್ನ 1949ರಲ್ಲಿ ಪತ್ತೆ ಮಾಡಿದ್ದು ವಿಮಾನದಿಂದ ಮಾಡಿದ ಕಾಂತ ಸರ್ವೆ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಹಿಡಿಯೋಕೆ ಬಳಸಿದ, ಕಾಂತಬಲ ಅಳೆಯೋ ಮ್ಯಾಗ್ನೆಟೋಮೀಟರನ್ನೇ ಆಮೇಲೆ ಭೂವಿಜ್ಞಾನಿಗಳು ವಿಮಾನಕ್ಕೆ ಕಟ್ಟಿ ಹೊಲಕ್ಕೆ ಸಾಲು ಹೊಡೆದಂಗೆ ಆ ತುದಿಯಿಂದ ಈ ತುದಿಗೆ ಹಾರಿಸಿದ್ರು, ಕಾಂತಬಲದ ಏರಿಳಿತ ಮಣ್ಣಿದ್ರೂ ಕಾಡಿದ್ರೂ ಮೇಲಕ್ಕೆ ಗೊತ್ತಾಗುತ್ತೆ. ಅದಕ್ಕೂ ಮುಂಚೆ, 1932ರಲ್ಲೇ, ಡೆನ್ಮಾರ್ಕಿನ ಭೂವಿಜ್ಞಾನಿ ಲೌಗೆ ಕೋಖ್ ಪೂರ್ವ ಗ್ರೀನ್‌ಲ್ಯಾಂಡಿಗೆ ನೀರಲ್ಲಿ ಇಳಿಯೋ ವಿಮಾನ ತಗೊಂಡು ಹೋದದ್ದು ಶೋಕಿಗಲ್ಲ, ಅಲ್ಲಿ ಹಿಮ ಕರಗಿರೋ ದಿನಗಳೇ ಕಮ್ಮಿ, ನಡೀತಾ ಕೂತ್ರೆ ಬೇಸಿಗೆನೇ ಮುಗಿದುಹೋಗುತ್ತೆ.

ಭೀಮಸಮುದ್ರದ ಗಣಿಗಳ ಕೆಂಪು ಧೂಳು ಕಂಡೋರಿಗೆ ಅದಿರು ಅಂದ್ರೇನೇ ಸಿಟ್ಟು, ಗೊತ್ತು. ಆದ್ರೆ ವಿಮಾನ ಒಂದು ಗುದ್ದಲಿ ಮಣ್ಣೂ ಅಗೆಯಲ್ಲ, ಎಲ್ಲಿ ಅಗೆಯೋದು ಬೇಡ ಅಂತನೂ ಅದೇ ಹೇಳುತ್ತೆ.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಪಕ್ಕದ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೆಲಿಕಾಪ್ಟರ್‌ಗೆ ತಂತಿ ಸುತ್ತಿದ ದೊಡ್ಡ ಕಾಯಿಲ್ ನೇತುಹಾಕಿ ಅಂತರ್ಜಲದ ಸರ್ವೆನೇ ಮಾಡಿದ್ರು. ಕಾಯಿಲ್‌ನಿಂದ ಹೋದ ವಿದ್ಯುತ್ಕಾಂತ ತರಂಗಕ್ಕೆ ಒಣಬಂಡೆ ಒಂದು ಥರ, ನೀರು ತುಂಬಿದ ಬಿರುಕು ಇನ್ನೊಂದು ಥರ ಉತ್ತರ ಕೊಡುತ್ತೆ. ಇಷ್ಟು ಹತ್ತಿರ ನಡೆದದ್ದು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ನಾವಿನ್ನೂ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಬೋರ್ ಪಾಯಿಂಟ್ ಮಾಡಿಸ್ತೀವಿ, ಸಾಲ ಮಾಡಿ ಕೊರೆಸ್ತೀವಿ, ಧೂಳು ಬರುತ್ತೆ, ಅಡಿಕೆ ತೋಟ ಒಣಗುತ್ತೆ, ಮತ್ತೆ ಅದೇ ಕಾಯಿ. ಸರ್ವೆ ಮಾಡಿದೋರೂ ಅಷ್ಟೇ, ಮ್ಯಾಪು ಇಂಗ್ಲಿಷಲ್ಲಿ ಮಾಡಿ ಕಂಪ್ಯೂಟರಲ್ಲಿ ಇಟ್ರೆ ಕೆಲಸ ಮುಗೀತಾ? ಪಂಚಾಯ್ತಿ ಗೋಡೆಗೆ ಕನ್ನಡದಲ್ಲಿ ಹಾಕೋಕೆ ಏನು ಕಷ್ಟ?

ದುಂದುವೆಚ್ಚ ಅಂದ್ರಲ್ಲ, ನಿಮ್ಮೂರಲ್ಲಿ ಫೇಲಾದ ಬೋರ್‌ಗಳ ಖರ್ಚು ಒಂದ್ಸಲ ಕೂಡಿಸಿ ಬರೀರಿ. ಜೊತೆಗೆ ಹೊಳಲ್ಕೆರೆ, ಜಗಳೂರಿಗೂ ಅಂಥ ಸರ್ವೆ ಬೇಕು ಅಂತ ಒಂದು ಪತ್ರ ಕಳಿಸಿ, ಇದೇ ಪುಟದಲ್ಲಿ ಪೂರ್ತಿ ಹಾಕ್ತೀನಿ.