ಕೆರೆಗೆ ಹಲಸಿನ ಮರದ ದೋಣಿ ಆಗುತ್ತಾ?

ಗುಬ್ಬಿಯ ಅಣ್ಣ ಕೇಳಿದ್ದು ಇಷ್ಟು: ತೋಟದಲ್ಲಿ ಬಿದ್ದಿರುವ ಹಲಸಿನ ಮರ ಕೊಯ್ಸಿ ಕಡಬ ಕೆರೆಗೆ ಇಬ್ಬರು ಕೂರುವ ದೋಣಿ ಮಾಡಿಸಬಹುದಾ, ಊರಿನ ಆಚಾರಿ ಕೈಲಿ ಆಗುತ್ತಾ? ನಾನು ತುಮಕೂರಿನವನು. ಈಗ ಕೇರಳದ ಬೇಪೂರಿನಲ್ಲಿ ಉರು (ಮರದ ದೊಡ್ಡ ಹಡಗು) ಕಟ್ಟುವ ಮೇಸ್ತ್ರಿ ಹತ್ತಿರ ಕೆಲಸ ಕಲಿಯುತ್ತಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅಣ್ಣ, ಮರ ಒಳ್ಳೆಯದೇ. ಕೇರಳದ ಹಾವುದೋಣಿಗಳಿಗೆ ಬಳಸುವ ಹೆಬ್ಬಲಸು ನಮ್ಮ ಹಲಸಿನ ಹತ್ತಿರದ ಸಂಬಂಧಿ. ಆದರೆ ಹಳದಿ ಕೆಚ್ಚು ಮಾತ್ರ ತಗೊಳ್ಳಿ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೇಗ ಬೀಳುತ್ತದೆ. ಹಲಗೆಗಳ ನಡುವೆ ಪಟ್ಟಿ ಇಟ್ಟು, ನೆರಳಲ್ಲಿ ಪೇರಿಸಿ, ತುದಿಗಳಿಗೆ ಪೇಂಟ್ ಬಳಿಯಿರಿ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಒಣಗಬೇಕು.

ನನಗೆ ಚಿಂತೆ ಇರುವುದು ನಮ್ಮ ಬಿಸಿಲಿನ ಬಗ್ಗೆ. ಹಲಗೆ ದೋಣಿ ನೀರಲ್ಲಿದ್ದರೆ ಮರ ಉಬ್ಬಿ ಸಂದಿ ತಾನೇ ಬಿಗಿಯುತ್ತದೆ. ಬೇಸಿಗೆಯಲ್ಲಿ ಕೆರೆ ಇಳಿದು ದೋಣಿ ದಡದಲ್ಲಿ ಬಿದ್ದರೆ ಹಲಗೆ ಕುಗ್ಗಿ ಸಂದಿ ಬಾಯಿ ಬಿಡುತ್ತದೆ. ಆಗ ಗಾಬರಿಯಾಗಿ ಸಂದಿಗೆ ಹತ್ತಿ ಗಿಡಿಯಬಾರದು. ಮಳೆಗಾಲದಲ್ಲಿ ಮರ ಮತ್ತೆ ಉಬ್ಬಿದಾಗ ಜಾಗ ಸಾಲದೆ ಮೊಳೆಗಳನ್ನೇ ಎಳೆದುಹಾಕುತ್ತದೆ. ದೋಣಿಯೊಳಗೆ ಮಳೆನೀರು ನಿಲ್ಲಲೂ ಬಿಡಬೇಡಿ. ಉಪ್ಪುನೀರಿಗಿಂತ ಸಿಹಿನೀರಲ್ಲಿ ಮರ ಬೇಗ ಕೊಳೆಯುತ್ತದೆ.

ಆಚಾರಿ ವಿಷಯ. ಬೇಪೂರಿನಲ್ಲಿ ಕಾಗದದ ನಕ್ಷೆ ಇಲ್ಲ, ಅಳತೆ ಎಲ್ಲಾ ಮೇಸ್ತ್ರಿ ತಲೆಯಲ್ಲಿ. ಮೊದಲು ಹಲಗೆ ಜೋಡಿಸುತ್ತಾ ಮೈ ಎಬ್ಬಿಸುತ್ತಾರೆ, ಒಳಗಿನ ಬಾಗಿದ ಅಡ್ಡಮರಗಳು ಆಮೇಲೆ. ಹೊಸಬರಿಗೆ ಬಹಳ ಕಾಲ ಉಳಿ, ಬಾಚಿ ಹರಿತ ಮಾಡುವುದೇ ಕೆಲಸ. ಅದು ಯಾಕೆ ಅಂತ ಹಲಗೆಗೆ ಕೈಹಾಕಿದಾಗ ಗೊತ್ತಾಗುತ್ತದೆ. ಬಾಗಿಲು ಕಿಟಕಿಗೆ ಮೂಲೆಮಟ್ಟ ಇಟ್ಟರೆ ಮುಗಿಯಿತು. ದೋಣಿಯಲ್ಲಿ ನೇರ ಮೂಲೆಯೇ ಸಿಗುವುದಿಲ್ಲ. ಹಲಗೆಯ ಅಂಚಿನ ಓರೆ ಮೂತಿಯಿಂದ ಹಿಂಬದಿವರೆಗೆ ಬದಲಾಗುತ್ತಲೇ ಇರುತ್ತದೆ. ಒಂದು ಅಂಚಿಗೆ ಬಣ್ಣ ಬಳಿದು ಇನ್ನೊಂದನ್ನು ಒತ್ತಿ, ಗುರುತು ಬಿದ್ದ ಕಡೆ ಮಾತ್ರ ತೆಳ್ಳಗೆ ಕೀಸಬೇಕು. ಮತ್ತೆ ಒತ್ತಬೇಕು, ಮತ್ತೆ ಕೀಸಬೇಕು. ಈ ತಾಳ್ಮೆಗೆ ನಾನು ಮನಸ್ಸು ಕೊಟ್ಟುಬಿಟ್ಟಿದ್ದೇನೆ. ನಿಮ್ಮ ಆಚಾರಿಗೂ ಇದು ಬರುತ್ತದೆ, ಆದರೆ ಮೊದಲ ದೋಣಿಗೇ ದುಂಡು ತಳ ಬೇಡ.

ಚಪ್ಪಟೆ ತಳದ್ದೇ ಮಾಡಿಸಿ. ಎರಡೂ ಪಕ್ಕಕ್ಕೆ ಒಂದೊಂದೇ ಅಗಲವಾದ ಹಲಸಿನ ಹಲಗೆ, ತಳಕ್ಕೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈವುಡ್, ಬೇರೆ ದರ್ಜೆ, ಅಂಗಡಿಯಲ್ಲಿ ಮುದ್ರೆ ನೋಡಿಯೇ ತಗೊಳ್ಳಿ. ಹೀಗೆ ಮಾಡಿದರೆ ಬಾಯಿ ಬಿಡುವ ಸಂದಿಯೇ ಕಮ್ಮಿ. ಪ್ಲೈವುಡ್ ಅಂಚಿಗೆ ಎಪಾಕ್ಸಿ (ನೀರು ತಡೆಯುವ ಅಂಟು) ಚೆನ್ನಾಗಿ ಕುಡಿಸಿ. ಕಬ್ಬಿಣದ ಮೊಳೆ ಬೇಡ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ.

ಭಾರದ ಲೆಕ್ಕ ಸುಲಭ. 3 ಮೀಟರ್ ಉದ್ದ, 1 ಮೀಟರ್ ಅಗಲದ ತಳ 10 ಸೆಂಟಿಮೀಟರ್ ಮುಳುಗಿದರೆ 300 ಲೀಟರ್ ನೀರು ಸರಿಯುತ್ತದೆ, ಅಂದರೆ 300 ಕೆಜಿ ಹೊರುತ್ತದೆ. ಮೂತಿ ಚೂಪಾದಷ್ಟೂ ಇದು ಕಮ್ಮಿ. ದೋಣಿಯ ತೂಕವೂ ಇದರಲ್ಲೇ ಸೇರಬೇಕು.

ಸುಮ್ನೆ ಬಲೆ ಬಿಡೋಕೆ ಮಾತ್ರ ಅಂದರೆ ಬಿದಿರಿನ ಹರಿಗೋಲೇ ಸಾಕು, ಖರ್ಚೂ ಕಮ್ಮಿ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರಬಹುದು, ಮೊದಲೇ ವಿಚಾರಿಸಿ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ.

ಸಾಮಿಲ್‌ಗೆ ಹಾಕುವ ಮುಂಚೆ ದಿಮ್ಮಿಯ ಎರಡೂ ತುದಿಯ ಫೋಟೊ, ಸುತ್ತಳತೆ ಇಲ್ಲಿ ಹಾಕಿ. ಕೆಚ್ಚು ಎಷ್ಟಿದೆ ನೋಡಿ ಹೇಗೆ ಕೊಯ್ಸಬೇಕು ಅಂತ ಹೇಳುತ್ತೇನೆ.