ಭೂತಾಯಿ ಮುನಿಯಲಿಲ್ಲ, ತಂಗಿ

ಅಂಧೇರಿಯ ತಂಗಿಗೆ,

ನಿಮ್ಮ 'ಭೂತಾಯಿಯ ಮುನಿಸು' ಲೇಖನ ಕೈಸೇರಿ ಮೂರು ವಾರ ಆಯಿತು. ನಮ್ಮ ಪತ್ರಿಕೆಗೆ ಬರುವುದರಲ್ಲಿ ಮುಕ್ಕಾಲು ಪಾಲು ಕವಿತೆ. ಉಳಿದದ್ದು ಸಂಘಗಳ ವಾರ್ಷಿಕೋತ್ಸವದ ವರದಿ. ಮುಂಬೈಯಲ್ಲಿ ಕೂತು ಕಲ್ಲು, ಭೂಕಂಪದ ಬಗ್ಗೆ ಕನ್ನಡದಲ್ಲಿ ಹನ್ನೊಂದು ಪುಟ ಬರೆದು ಕಳಿಸಿದವರು ನೀವೊಬ್ಬರೇ. ಶಭಾಷ್. ಅಕ್ಷರ ದುಂಡಗಿದೆ, ಕಾಗುಣಿತದ ತಪ್ಪೂ ಕಮ್ಮಿ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಎರಡು ಸಲ ಓದಿದೆ. ಎರಡನೇ ಸಲ ಸಿಟ್ಟು ಬಂತು. ಬಂದದ್ದು ಏಳನೇ ಪುಟದ ಒಂದು ಸಾಲಿನಿಂದ. ನಿಮ್ಮ ಅಂಧೇರಿಯ ಗಿಲ್ಬರ್ಟ್ ಬೆಟ್ಟ, ಆ ಕಲ್ಲುಕಂಬಗಳ ಗುಡ್ಡ, ಅದರ ಬುಡದ ಒಂದು ಮನೆಯ ಬಗ್ಗೆ ಬರೆದಿದ್ದೀರಿ: 'ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಆರು ಕೋಟಿ ವರ್ಷಕ್ಕೂ ಹಳೆಯ ಬಂಡೆಗೆ.' ಇಂಥ ಸಾಲು ಬರೆಯಬಲ್ಲವರು ಉಳಿದ ಹತ್ತು ಪುಟವನ್ನು ಹಾಗೆ ಯಾಕೆ ಬರೆದಿರಿ, ಮಾರಾಯ್ರೆ? ಇದನ್ನು ಕಣ್ಣಿಂದ ನೋಡಿದ್ದೀರಿ. ಉಳಿದದ್ದನ್ನು ಕಿವಿಯಿಂದ ಕೇಳಿ ಇಳಿಸಿದ್ದೀರಿ.

ಮೊದಲ ಸಾಲನ್ನೇ ತೆಗೆದುಕೊಳ್ಳಿ. 'ಮಾನವನ ದುರಾಸೆಗೆ ಬೇಸತ್ತ ಭೂತಾಯಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಮುನಿದಳು.' ಯಾರ ದುರಾಸೆ? ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಆ ಕಿಲ್ಲಾರಿಯವರದಾ? ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಬಿಟ್ಟು, ತಡರಾತ್ರಿ ಮನೆಗೆ ಬಂದು ಮಲಗಿದ್ದ ರೈತರು ಅವರು. ನಾಲ್ಕು ಗಂಟೆ ಆಗುವ ಮೊದಲೇ ಭೂಕಂಪ ಬಂದು ಎಲ್ಲ ಮುಗಿದಿತ್ತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅವರ ತಲೆಗೇ ದುರಾಸೆ ಕಟ್ಟುತ್ತಿದ್ದೇನೆ ಅಂತ ನಿಮಗೆ ಅನ್ನಿಸಲೇ ಇಲ್ಲವಾ? ಇಲ್ಲ ಎಂದೇ ನಂಬುತ್ತೇನೆ. ಪೆನ್ನಿಗೆ ಆ ಸಾಲು ಅಭ್ಯಾಸವಾಗಿದೆ, ಸುಮ್ನೆ ಬಂದುಬಿಟ್ಟಿದೆ.

ಎರಡನೇ ಸಾಲು: 'ತನ್ನ ಮಕ್ಕಳನ್ನೇ ನುಂಗಿದಳು.' ಸೀತೆಗೆ ಬಾಯಿಬಿಟ್ಟ ಭೂಮಿ ಕಿಲ್ಲಾರಿಯಲ್ಲಿ ಯಾರನ್ನೂ ನುಂಗಲಿಲ್ಲ.

ಇಲ್ಲಿ ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಗ ನನಗೆ ಇಪ್ಪತ್ತೆರಡು. ಹಗಲು ಫೋರ್ಟಿನ ಒಂದು ಹೋಟೆಲಿನ ಗಲ್ಲಾ, ಸಂಜೆ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರೂಫ್ ನೋಡುವುದು. ಕಿಲ್ಲಾರಿಯ ಸುದ್ದಿ ಬಂದ ವಾರ ನಾನೂ ನಾಲ್ಕು ಪುಟ ಗೀಚಿ ಹಿರಿಯ ಉಪಸಂಪಾದಕರ ಮೇಜಿನ ಮೇಲೆ ಇಟ್ಟೆ. ಮೊದಲ ಸಾಲು ಏನು ಗೊತ್ತಾ? 'ಭೂತಾಯಿ ಮುನಿದಳು.' ಅವರು ಕನ್ನಡಕ ಹಣೆಗೆ ಏರಿಸಿ ಕೇಳಿದರು, "ನೆಲ ಬಾಯಿಬಿಟ್ಟು ಜನ ಒಳಗೆ ಹೋದರಾ, ಗೋಡೆ ಮೈಮೇಲೆ ಬಿತ್ತಾ?"

"ಗೋಡೆ, ಸಾರ್."

"ಹಾಗಾದರೆ ಗೋಡೆ ಅಂತ ಬರಿ. ಎಂಥ ಗೋಡೆ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡು ಬಾ ಅಂದರು. ಕಿಲ್ಲಾರಿಗೆ ಹೋಗಲು ದುಡ್ಡೂ ಇಲ್ಲ, ರಜೆಯೂ ಇಲ್ಲ. ಕುರ್ಲಾ ಕಡೆ ಬೆಳಗ್ಗೆ ಕೂಲಿಗೆ ನಿಲ್ಲುವ ನಾಕಾಕ್ಕೆ ಹೋದೆ. ಗೋಡೆ ಕಟ್ಟುವ, ಕಲಬುರಗಿ ಕಡೆಯ ಒಬ್ಬ ಗವಂಡಿ ಸಿಕ್ಕರು. ಅವರ ಕನ್ನಡ ನನಗೆ, ನನ್ನ ಉಡುಪಿ ಕನ್ನಡ ಅವರಿಗೆ ಅರ್ಧ ಅರ್ಧ ಹತ್ತಿತು. "ಎರಡು ಮೈ ಗ್ವಾಡಿ ರೀ," ಅಂದರು. "ಹೊರಗ ಒಂದು ಸಾಲು ಕಲ್ಲು, ಒಳಗ ಒಂದು ಸಾಲು. ನಡುವ ಮಣ್ಣು, ಚೂರುಕಲ್ಲು. ಆರಪಾರ ಹಿಡಿಯೂ ಉದ್ದನ ಕಲ್ಲು ಯಾರೂ ಹಾಕಂಗಿಲ್ಲ. ಅಳ್ಳಾಡಿದ್ರ ಒಂದು ಮೈ ಹೊರಗ ಬೀಳ್ತದ, ಒಂದು ಮೈ ಮಲಗಿದವರ ಮ್ಯಾಲ." ಮೇಲೆ ಬಿಸಿಲು ತಡೆಯಲು ದಪ್ಪ ಮಣ್ಣಿನ ಮಾಡು. ಅದರ ಭಾರವನ್ನೂ ಅವರೇ ಕೈ ಅಗಲಿಸಿ ತೋರಿಸಿದರು.

ನನ್ನ ನಾಲ್ಕು ಪುಟದಲ್ಲಿ ಅಚ್ಚಾದದ್ದು ಹದಿನಾಲ್ಕು ಸಾಲು. ಎಲ್ಲವೂ ಆ ಗವಂಡಿಯ ಗೋಡೆಯ ಬಗ್ಗೆ. ಹೆಸರು ಕೂಡ ಹಾಕಲಿಲ್ಲ, ಆ ಬೇಸರ ಇವತ್ತಿಗೂ ಇದೆ. ಅದಿರಲಿ.

ನೋಡಿ, ತಾಯಿ ಮುನಿದಳು ಅಂದ ಕೂಡಲೇ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮುನಿದ ತಾಯಿಗೆ ಕೈಮುಗಿಯಬಹುದು, ಅಷ್ಟೇ. ಗೋಡೆ ಬಿತ್ತು ಅಂದರೆ ಮರುಕ್ಷಣ ಪ್ರಶ್ನೆ ಬರುತ್ತದೆ: ಯಾಕೆ ಬಿತ್ತು, ಬೀಳದ ಹಾಗೆ ಕಟ್ಟಬಹುದಾ? ಕಿಲ್ಲಾರಿಯ ಭೂಕಂಪದ ಅಳತೆ ಸುಮಾರು 6.2. ದೊಡ್ಡದೇ, ಆದರೆ 2001ರ ಭುಜ್ ಭೂಕಂಪ ಬಿಡುಗಡೆ ಮಾಡಿದ ಶಕ್ತಿಯ ಮುಂದೆ ಇದು ಏನೂ ಅಲ್ಲ. ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಭುಜ್ ಸುಮಾರು 7.6 ಇತ್ತು.

ಇನ್ನು ನಾಲ್ಕನೇ ಪುಟ. 'ನಮ್ಮ ಖಂಡಗಳು ಕುದಿಯುವ ಲಾವಾ ಸಮುದ್ರದ ಮೇಲೆ ತೇಲುವ ತೆಪ್ಪಗಳು.' ಕೇಳಲು ಚೆಂದ. ಒಂದೊಂದು ಪದವೂ ತಪ್ಪು. ತೇಲುವುದು ಬರೀ ಖಂಡ ಅಲ್ಲ, ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು. ನಮ್ಮ ಭಾರತದ ಫಲಕದ ಬೆನ್ನ ಮೇಲೆ ನೆಲವೂ ಇದೆ, ಸಮುದ್ರದ ತಳವೂ ಇದೆ. ಲಾವಾ ಅನ್ನುವುದು ಹೊರಗೆ ಬಂದ ಮೇಲೆ, ಒಳಗಿದ್ದಾಗ ಅದು ಶಿಲಾರಸ. ಅದೂ ಅಲ್ಲಲ್ಲಿ ಸ್ವಲ್ಪ. ಸಮುದ್ರ ಅಂತೂ ಇಲ್ಲವೇ ಇಲ್ಲ. ಫಲಕಗಳ ಕೆಳಗಿನ ಮ್ಯಾಂಟಲ್ ಅನ್ನುವ ಪದರ ಗಟ್ಟಿ ಕಲ್ಲು.

ಇದನ್ನು ತೋರಿಸಿಕೊಟ್ಟದ್ದೇ ನಿಮ್ಮ ಲೇಖನದ ನಾಯಕಿ, ಭೂಕಂಪ. ಅದರ ಒಂದು ಬಗೆಯ ಅಲೆ ಕಲ್ಲನ್ನು ಅಡ್ಡ ಅಲುಗಿಸುತ್ತಾ ಸಾಗುತ್ತದೆ. ದ್ರವದಲ್ಲಿ ಅದು ಸಾಗಲಾರದು. ಆ ಅಲೆ ಮ್ಯಾಂಟಲ್ ಒಳಗೆ ಆರಾಮಾಗಿ ಓಡಾಡುತ್ತದೆ. ಸುಮಾರು 2,900 ಕಿಲೋಮೀಟರ್ ಆಳದಲ್ಲಿ, ಕರಗಿದ ಕಬ್ಬಿಣದ ಹೊರಗರ್ಭ ಸಿಕ್ಕ ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ಲಾವಾ ಸಮುದ್ರ ನಿಜವಾಗಿದ್ದರೆ ಆ ಅಲೆ ಶುರುವಿನಲ್ಲೇ ಸಾಯಬೇಕಿತ್ತು, ಅಲ್ವಾ?

ಗಟ್ಟಿ ಕಲ್ಲಿನ ಮೇಲೆ ಫಲಕ ಹೇಗೆ ಸರಿಯುತ್ತದೆ ಅಂತ ಕೇಳುತ್ತೀರಿ. ರಸ್ತೆ ಬದಿಯಲ್ಲಿ ಬಿದ್ದಿರುವ ಡಾಂಬರಿನ ಗಡ್ಡೆ ನೋಡಿ. ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ. ಹಾಗೇ ಬಿಟ್ಟರೆ ಕಾಲ ಕಳೆದಂತೆ ತಾನಾಗಿ ಹರಡುತ್ತದೆ. ಬಿಸಿ ಮ್ಯಾಂಟಲ್ ಕೂಡ ಹಾಗೆ. ಅದರ ಅವಸರ ವರ್ಷಕ್ಕೆ ಸೆಂಟಿಮೀಟರುಗಳಲ್ಲಿ. ನಮ್ಮ ಫಲಕ ಉತ್ತರಕ್ಕೆ ಸರಿಯುವುದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ತೆಪ್ಪಕ್ಕಿಂತ ಡಾಂಬರು ಒಳ್ಳೆಯದಲ್ಲವಾ? ತೆಪ್ಪ ಬೇರೆಯವರದು, ಡಾಂಬರು ನಿಮ್ಮ ಬೀದಿಯದು.

ಅದೇ ಪುಟದ ಕೊನೆಗೆ, 'ಫಲಕಗಳ ಅಂಚು ಒಂದಕ್ಕೊಂದು ಉಜ್ಜಿದಾಗ ಮಾತ್ರ ಭೂಕಂಪ.' ಸರಿ, ಕಿಲ್ಲಾರಿಯಲ್ಲಿ ಯಾವ ಅಂಚು? ನಮ್ಮ ಫಲಕದ ಉತ್ತರದ ಅಂಚು ಹಿಮಾಲಯ, ಅದು ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿ ತಳ್ಳಾಟ ನಡೆದರೆ ಒತ್ತಡ ಫಲಕದ ಹೊಟ್ಟೆಯವರೆಗೂ ಬರುತ್ತದೆ, ಎಲ್ಲೋ ಹಳೆಯ ಬಿರುಕು ಜಾರುತ್ತದೆ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 1967ರಲ್ಲಿ ಆದ ಭೂಕಂಪಕ್ಕೆ ಜಲಾಶಯದ ನೀರೂ ಕಾರಣ. 'ಮಾತ್ರ' ತೆಗೆಯಿರಿ. ಮೊದಲ ಪುಟದಲ್ಲಿ ಹೇಳಿದ ಊರನ್ನು ನಾಲ್ಕನೇ ಪುಟದಲ್ಲಿ ಮರೆಯಬೇಡಿ.

ಉಳಿದದ್ದರ ಬಗ್ಗೆ ಏನೂ ಹೇಳುವುದಿಲ್ಲ. ಕಲ್ಲುಗಳ ಮೂರು ಬಗೆ ಇತ್ಯಾದಿ ಶಾಲೆಯ ಪುಸ್ತಕದಲ್ಲೇ ಇದೆ. ಒಂದು ಮಾತ್ರ: ನಮ್ಮೂರು ಮಲ್ಪೆಯ ದ್ವೀಪದ ಕಂಬಗಳನ್ನೂ ಗಿಲ್ಬರ್ಟ್ ಬೆಟ್ಟದ ಕಂಬಗಳನ್ನೂ 'ಒಂದೇ ಲಾವಾದ ಕೂಸುಗಳು' ಅಂದಿದ್ದೀರಿ. ಮಲ್ಪೆಯದು ಇನ್ನೂ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಕಲ್ಲಿನ ಜಾತಿಯೂ ಬೇರೆ. ಊರಿನವನಾದ್ದರಿಂದ ಬಿಡಲಾಗಲಿಲ್ಲ.

ಲೇಖನ ವಾಪಸ್ ಕಳಿಸಿದ್ದೇನೆ. ಏಳನೇ ಪುಟವನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅಲ್ಲಿಂದ ಶುರು ಮಾಡಿ ನಾಲ್ಕು ಪುಟ ಬರೆಯಿರಿ. ಮೊದಲು ಆ ಮನೆಗೆ ಇನ್ನೊಮ್ಮೆ ಹೋಗಿ. ಹಗ್ಗದ ತುದಿಯನ್ನು ಬಂಡೆಗೆ ಹೇಗೆ ಕಟ್ಟಿದ್ದಾರೆ ನೋಡಿ. ಮೊಳೆ ಹೊಡೆದಿದ್ದಾರಾ, ಕಂಬಗಳ ನಡುವಿನ ಸಂದಿಗೆ ಸಿಕ್ಕಿಸಿದ್ದಾರಾ? ಸಂದಿಯಾದರೆ, ಅದು ಲಾವಾ ಆರಿ ಕುಗ್ಗುವಾಗ ಬಿಟ್ಟ ಬಿರುಕು.