ಮೊದಲು ಆ ಬೆರಳುಗಳನ್ನು ಕೇಳಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಇಂಗ್ಲೆಂಡಿನ ಜಾನಪದ ಶೈಲಿಯ ಗಾಯಕ ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ ಆಲ್ಬಮ್ ಆಕಸ್ಮಿಕವಾಗಿ ಸಿಕ್ಕಿತು, ಆಮೇಲೆ ಬೇರೇನೂ ಕೇಳೋಕೆ ಮನಸ್ಸಾಗಲಿಲ್ಲ ಎಂದು ಬರೆದಿದ್ದೀರಿ. ಆ ಗುಂಗಿನಲ್ಲೇ ಅವರ ಬದುಕಿನ ಕಥೆ ಓದಿದ್ದೀರಿ. ಖಿನ್ನತೆ, ಒಂಟಿತನ, 1974ರಲ್ಲಿ, ಬರೀ 26ನೇ ವಯಸ್ಸಿಗೆ ಸಾವು. ಈಗ ಪ್ರತಿ ಹಾಡಿನಲ್ಲೂ ಸಾವೇ ಕೇಳಿಸುತ್ತಿದೆ, ಈ ಕಥೆ ಗೊತ್ತಾಗದಿದ್ದರೇ ಚೆನ್ನಾಗಿತ್ತೇ ಎಂದು ಕೇಳಿದ್ದೀರಿ.

ಗೊತ್ತಾಗಿದ್ದನ್ನು ಮರೆಯೋಕಂತೂ ಆಗಲ್ಲ. ಆದರೆ ಆಲ್ಬಮ್ ಹೇಗೆ ತಯಾರಾಯಿತು ಅನ್ನೋದೂ ಗೊತ್ತಿದ್ದರೆ ಕಿವಿ ಮತ್ತೆ ಹಾಡಿನ ಕಡೆಗೇ ತಿರುಗುತ್ತದೆ.

1971ರ ಅಕ್ಟೋಬರ್, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋ. ಒಳಗೆ ಇದ್ದವರು ಡ್ರೇಕ್ ಮತ್ತು ಎಂಜಿನಿಯರ್ ಜಾನ್ ವುಡ್, ಇಬ್ಬರೇ. ಎರಡು ರಾತ್ರಿಯಲ್ಲಿ ರೆಕಾರ್ಡಿಂಗ್ ಮುಗಿಯಿತು. 11 ಹಾಡು, ಎಲ್ಲ ಸೇರಿ ಸುಮಾರು 28 ನಿಮಿಷ. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ರಾಬರ್ಟ್ ಕರ್ಬಿ ಹೊಂದಿಸಿದ ಪಿಟೀಲುಗಳಿದ್ದವು. ಎರಡನೆಯದರಲ್ಲಿ ಡ್ರಮ್ಸ್ ಕೂಡ ಜೋರಾಗಿಯೇ ಇತ್ತು. ಇಲ್ಲಿ ಒಂದು ಗಿಟಾರ್, ಒಂದು ದನಿ, ಅಷ್ಟೇ. ಮೊದಲ ಹಾಡಿನಲ್ಲಿ ಮಾತ್ರ ಒಂದಿಷ್ಟು ಪಿಯಾನೋ ಬರುತ್ತದೆ. ಅದನ್ನೂ ಅವರೇ ನುಡಿಸಿದ್ದು.

ಆ ಗಿಟಾರನ್ನು ಹತ್ತಿರದಿಂದ ಗಮನಿಸಿ. ಮೊದಲ ಹಾಡಿನಲ್ಲಿ ಆರು ತಂತಿಗಳ ಶ್ರುತಿ, ದಪ್ಪದಿಂದ ತೆಳುವಿನ ಕಡೆಗೆ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಸಿ, ಜಿ, ಸಿ, ಎಫ್, ಸಿ, ಇ. ಅಂದರೆ ಅತಿ ತೆಳುವಾದ ತಂತಿಯೊಂದನ್ನು ಬಿಟ್ಟು ಉಳಿದ ಐದನ್ನೂ ಮಾಮೂಲಿ ಜಾಗದಿಂದ ಕದಲಿಸಿದ್ದಾರೆ. ಅತಿ ದಪ್ಪ ತಂತಿಯನ್ನು ಇ ಯಿಂದ ಸಿ ವರೆಗೆ ಸಡಿಲಿಸಿದ್ದಾರೆ. ಹಾಗಾಗಿ ಬೆರಳು ಒತ್ತದ ತಂತಿಗಳೂ ಒಂದಕ್ಕೊಂದು ಸೇರಿ ಗುಂಯ್‌ಗುಡುತ್ತವೆ. ಒಂದೇ ಗಿಟಾರ್ ಅಷ್ಟು ತುಂಬಿಕೊಂಡು ಕೇಳುವುದು ಇದರಿಂದ. ‘ರೋಡ್’ ಕೇಳಿ. ಹೆಬ್ಬೆರಳು ಕೆಳಗೆ ಓಡುತ್ತಿದೆ, ಮೇಲೆ ಬೇರೆ ಬೆರಳುಗಳು ತಮ್ಮದೇ ಲೆಕ್ಕದಲ್ಲಿ ಓಡುತ್ತಿವೆ, ಒಂದು ಕಡೆಯೂ ಎಡವುವುದಿಲ್ಲ. ಇದರ ಮೇಲೆ ಅವರು ಹಾಡುತ್ತಲೂ ಇದ್ದಾರೆ! ಕೈಚೆಲ್ಲಿ ಕೂತವರಿಂದ ಇದು ಆಗುವ ಕೆಲಸ ಅಲ್ಲ. ಅವರ ಆರೋಗ್ಯ ಆಗ ಹದಗೆಟ್ಟಿತ್ತು, ನಿಜ. ಆದರೆ ಆ ಎರಡು ರಾತ್ರಿ ಕೈ ಪೂರ್ತಿ ಅವರ ಹಿಡಿತದಲ್ಲಿತ್ತು.

ಪಕ್ಕದಲ್ಲೇ ಕೂತು ಹಾಡಿದಂತಿದೆ ಎಂದೂ ಬರೆದಿದ್ದೀರಿ. ಅದಕ್ಕೆ ಕಾರಣ ದುಃಖ ಅಲ್ಲ, ಅವರು ಬಿಟ್ಟುಕೊಟ್ಟ ಜಾಗ. ‘ನೋ’ (Know) ಹಾಡಿನಲ್ಲಿ ಇರುವುದು ನಾಲ್ಕೇ ಸಾಲು. ಉಳಿದದ್ದೆಲ್ಲ ಗುನುಗು ಮತ್ತು ಸುತ್ತಿ ಸುತ್ತಿ ಬರುವ ಒಂದೇ ಗಿಟಾರ್ ಪಲುಕು. ‘ಹಾರ್ನ್’ನಲ್ಲಿ ಮಾತೇ ಇಲ್ಲ. ದನಿಯನ್ನು ಎಲ್ಲೂ ಎತ್ತರಿಸುವುದಿಲ್ಲ, ಹಾಗಾಗಿ ಕೇಳುವವರೇ ಹತ್ತಿರ ಸರಿಯಬೇಕಾಗುತ್ತದೆ, ಅಲ್ವಾ? ಕೊನೆಯ ಹಾಡಂತೂ ಬೆಳಗಿನ ಬಗ್ಗೆ. ಸಾವಿನ ಕಥೆ ಕಿವಿಯಲ್ಲಿ ಕೂತವರು ಅದನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ. ನನಗೆ ಬೇಸರ ತರಿಸುವುದು ಇದೇ.

1972ರಲ್ಲಿ ಆಲ್ಬಮ್ ಬಂದಾಗ ಕೊಂಡವರು ತೀರ ಕಡಿಮೆ. 1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಮೊದಲ ಹಾಡು ಬಂದ ಮೇಲೆ ಸಾವಿರಾರು ಜನ ಹುಡುಕಿಕೊಂಡು ಹೋದರು. ಅವರಲ್ಲಿ ಎಷ್ಟೋ ಜನರಿಗೆ ಹಾಡಿದವರ ಹೆಸರೂ ಗೊತ್ತಿರಲಿಲ್ಲ. ಆದರೂ ಹಾಡು ಹಿಡಿಸಿತು. ನಿಮಗೂ ಮೊದಲು ಹಿಡಿಸಿದ್ದು ಹಾಗೇ.

ಮುಂದೆ ಏನು ಕೇಳಲಿ ಎಂದಿದ್ದೀರಿ. ಇಂಗ್ಲೆಂಡಿನ ಗಾಯಕಿ ವಾಶ್ಟಿ ಬನ್ಯನ್ ಅವರ 1970ರ ಮೊದಲ ಆಲ್ಬಮ್ ಕೇಳಿ. ಯಾರೂ ಕೇಳಲಿಲ್ಲವೆಂದು ಅವರು ಹಾಡುವುದನ್ನೇ ಬಿಟ್ಟಿದ್ದರು. 2000ದಲ್ಲಿ ಅದು ಮರುಬಿಡುಗಡೆಯಾದ ಮೇಲೆ, 2005ರಲ್ಲಿ ಎರಡನೆಯದನ್ನು ತಂದರು. ಆದರೆ ಅದಕ್ಕೂ ಮೊದಲು ನಿಕ್ ಅವರ ತಾಯಿ ಮಾಲಿ ಡ್ರೇಕ್ ಅವರನ್ನು ಕೇಳಿ. ಮನೆಯಲ್ಲಿ ಪಿಯಾನೋ ಮುಂದೆ ಕೂತು ತಾವೇ ಕಟ್ಟಿದ ಹಾಡುಗಳನ್ನು ಹಾಡಿಕೊಳ್ಳುತ್ತಿದ್ದರು. 1950ರ ದಶಕದಲ್ಲಿ ಗಂಡ ಅವನ್ನು ಟೇಪಿಗೆ ಹಿಡಿದಿಟ್ಟರು. ಹೊರಗೆ ಬಂದದ್ದು ಮಾಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಮಗನ ಹಾಡಿನ ಆ ಮೆಲುದನಿ, ಸಾಲನ್ನು ಅರ್ಧಕ್ಕೇ ಬಿಟ್ಟಂತೆ ಮುಗಿಸುವ ರೀತಿ ಅವನ ಕಾಯಿಲೆಯಿಂದ ಬಂದದ್ದೋ, ಅಮ್ಮನಿಂದ ಬಂದದ್ದೋ, ಕೇಳಿ ನೀವೇ ಬರೆಯಿರಿ. ನಿಮ್ಮ ಪತ್ರಕ್ಕೆ ಕಾಯುತ್ತಿರುತ್ತೇನೆ.

– ಸಂ.